ನಂಬರ್ ಒನ್ ಜಗಳ

"ಇದನ್ನ ಗೇಮ್ ಅಂತ ಯಾರ್ರೀ ಹೇಳಿದ್ದು? ಮೇಲಿಂದ ಇಟ್ಟಿಗೆ ಬೀಳುತ್ತೆ, ನಾವು ಜೋಡಿಸ್ತೀವಿ. ಇದು ಗಾರೆ ಕೆಲಸ ಕಣ್ರೀ!"

ಅರ್ಶಿಯಾ ಸರಕ್ಕನೆ ತಿರುಗಿದಳು. ಬಾಗಿಲಲ್ಲಿ ನಿಂತಿದ್ದವನು ಹೊಸಬ. ಅಂಗಿಯ ತೋಳಿಗೆ ಗ್ರೀಸ್ ಮೆತ್ತಿಕೊಂಡಿತ್ತು. ಮುಖದಲ್ಲಿ ಮಾತ್ರ ಊರು ಗೆದ್ದವನ ಗತ್ತು!

'ಎಷ್ಟು ಧೈರ್ಯ... ನನ್ನ ಅಂಗಡಿಗೇ ಬಂದು ನನ್ನ ಗೇಮನ್ನೇ ಬೈತಾನಲ್ಲ!'

"ನಿಮ್ಮ ಪ್ರಕಾರ ಯಾವುದ್ರೀ ದೊಡ್ಡ ಗೇಮು?"

"ಕಾಂಟ್ರಾ!"

"ಅಯ್ಯೋ! ಕಳ್ಳದಾರೀಲಿ ಮೂವತ್ತು ಲೈಫ್ ತಗೊಂಡು ಡಂ ಡಂ ಅಂತ ಗುಂಡು ಹೊಡೆಯೋದಾ?"

"ನಾನು ಮೂರೇ ಲೈಫಲ್ಲಿ ಮುಗಿಸೋನು. ನೋಡ್ತೀರಾ?"

ಕೂತ. ಮುಗಿಸಿಯೇ ಎದ್ದ. ಅಷ್ಟು ಹೊತ್ತೂ ಅರ್ಶಿಯಾಳ ಎದೆ ಢವಢವ ಎನ್ನುತ್ತಿತ್ತು. ಕೋಪಕ್ಕೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು, ಪಾಪ.

ಅದು ೧೯೯೯. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಅರ್ಶಿಯಾಳ ತಂದೆ ಮುಖ್ತಾರ್ ಅಹಮದ್ ಅವರದು ಟಿವಿ ರಿಪೇರಿ ಅಂಗಡಿ. ಪಕ್ಕದ ಕೋಣೆಯಲ್ಲಿ ಹಳೇ ಟಿವಿಗಳನ್ನಿಟ್ಟು ವಿಡಿಯೋ ಗೇಮ್ ಆಡಿಸುತ್ತಿದ್ದರು. ಕಾಲೇಜು ಮುಗಿಸಿದ ಅರ್ಶಿಯಾಳೇ ಅದರ ಯಜಮಾನಿ. ಗೋಡೆಯ ಕಪ್ಪು ಹಲಗೆಯ ಮೇಲೆ ಪ್ರಪಂಚದ ಅತಿ ಶ್ರೇಷ್ಠ ಗೇಮ್‌ಗಳನ್ನು ಆಡಲು ಬರುವವರೆಲ್ಲ ಸೇರಿ ಸಾಲಾಗಿ ಬರೆದಿದ್ದರು. ಪ್ರಪಂಚಕ್ಕೆ ಈ ಸುದ್ದಿ ಗೊತ್ತಿರಲಿಲ್ಲ, ಅದು ಬೇರೆ ಮಾತು!

ಅಲ್ಲಿ ಓಟು ಗೀಟು ಇರಲಿಲ್ಲ. ಎದುರು ವಾದಿಸುವವರು ಎಲ್ಲರ ಮುಂದೆ ಬಾಯಿಬಿಟ್ಟು "ಒಪ್ಪಿದೆ" ಅಂದರೆ ಮಾತ್ರ ಗೇಮ್ ಮೇಲೇರುತ್ತಿತ್ತು. ಮನಸ್ಸಿಗೆ ಬಾರದ್ದನ್ನು ಒಪ್ಪುವ ಹಾಗಿಲ್ಲ. ಅದಕ್ಕೇ ಒಂದನೇ ಜಾಗ ಯಾವಾಗಲೂ ಖಾಲಿ.

ಗುಬ್ಬಿಯಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ ಆ ಹೊಸಬ, ತಾರಿಖ್, ಅಂದಿನಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಬರತೊಡಗಿದ. ಇಬ್ಬರ ಮನೆಯಲ್ಲೂ ಉರ್ದು. ಆದರೆ ಅಂಗಡಿಯಲ್ಲಿ ಕೂತವರಿಗೆಲ್ಲ ತಿಳಿಯಬೇಕಲ್ಲ, ಜಗಳ ಮಾತ್ರ ಅಚ್ಚುಕಟ್ಟಾಗಿ ಕನ್ನಡದಲ್ಲೇ!

"ನಿಮ್ಮ ಇಟ್ಟಿಗೆ ಗೇಮಲ್ಲಿ ಒಬ್ಬರೇ ಕೂತಿರ್ಬೇಕು. ಕಾಂಟ್ರಾದಲ್ಲಿ ಜೊತೆಗೆ ಇನ್ನೊಬ್ರು ಇರ್ತಾರೆ."

"ಏನ್ ಜೊತೆಯೋ! ಜಲಪಾತ ಹತ್ತುವಾಗ ಒಬ್ಬರು ಮುಂದೆ ಹೋದ್ರೆ ಪರದೆ ಮೇಲಕ್ಕೆ ಸರಿದು ಕೆಳಗಿರೋರು ಸತ್ತೇ ಹೋಗ್ತಾರೆ."

"ಅದಕ್ಕೇ ಕಾಯ್ಬೇಕು ಕಣ್ರೀ. ಕಾಯೋಕೆ ಗೊತ್ತಿದ್ದೋರಿಗೇ ಆ ಗೇಮು."

ಈ ಮಾತಿಗೆ ತಕ್ಕ ಉತ್ತರವನ್ನು ಅವಳು ವಾರವಿಡೀ ಹುಡುಕಿದಳು.

"ಅಕ್ಕಾ, ನಿಮ್ಮಿಬ್ಬರ ಜಗಳಕ್ಕೇ ಟಿಕೆಟ್ ಇಟ್ಬಿಡಿ!" ಎಂದು ಕ್ಯಾತ್ಸಂದ್ರದಿಂದ ಬರುತ್ತಿದ್ದ ವಿದ್ಯಾರ್ಥಿ ಅಭಿರಾಮ್ ರೇಗಿಸುತ್ತಿದ್ದ.

ಅರ್ಶಿಯಾ ನಗುತ್ತಿದ್ದಳು. ಆದರೆ ಅವಳೊಳಗೊಂದು ಭಯವಿತ್ತು. ಅಕ್ಕ ಅಂಬ್ರೀನ್‌ಳನ್ನು ಕುಣಿಗಲ್‌ಗೆ ಕೊಟ್ಟಿದ್ದರು. ಮದುವೆಗೆ ಮುಂಚೆ ಬಾವ ಎಲ್ಲದಕ್ಕೂ ಹೂಂ ಅಂದಿದ್ದ. ಓದು, ಹೂಂ. ಕೆಲಸ, ಹೂಂ. ಮದುವೆ ಮುಗಿದ ಮೇಲೆ ಯಾವುದೂ ಇಲ್ಲ! "ಹೂಂ ಅನ್ನೋರನ್ನ ನಂಬಬೇಡ ಕಣೇ" ಎಂದು ಅಕ್ಕ ಒಮ್ಮೆ ಅತ್ತಿದ್ದಳು.

'ಇವನು ಮಾತ್ರ ಮುಖಕ್ಕೇ ಇಲ್ಲ ಅಂತಾನೆ...' ಅಷ್ಟಕ್ಕೇ ಅವಳು ಮನಸ್ಸು ಕೊಟ್ಟಾಗಿತ್ತು.

ಒಂದು ಭಾನುವಾರ ತಾರಿಖ್ ಇಸ್ತ್ರಿ ಅಂಗಿ ತೊಟ್ಟು ಬಂದ. ಕೂರಲೂ ಇಲ್ಲ.

"ಒಪ್ಪಿದೆ. ಇಟ್ಟಿಗೆ ಗೇಮೇ ನಂಬರ್ ಒನ್."

ಅಭಿರಾಮ್ ಶಿಳ್ಳೆ ಹೊಡೆದ. ಅರ್ಶಿಯಾ ಸೀಮೆಸುಣ್ಣ ಕೈಗೆತ್ತಿಕೊಂಡಳು, ಆದರೆ ಬರೆಯಲಿಲ್ಲ.

"ಯಾಕೆ?"

"ನೀವ್ ಹೇಳೋದೇ ಸರಿ ಅದಕ್ಕೆ. ಇನ್ಮೇಲೆ ಎಲ್ಲಾ ನೀವು ಹೇಳಿದ ಹಾಗೇ."

ಅವನ ಕಣ್ಣು ಅವಳ ಕಣ್ಣನ್ನು ತಪ್ಪಿಸುತ್ತಿತ್ತು. ಸುಳ್ಳು! ಅವಳಿಗೆ ಅಳು ಉಕ್ಕಿ ಬಂತು.

"ಇವತ್ತು ಅಂಗಡಿ ಮುಚ್ತಿದೀನಿ... ಎಲ್ರೂ ಹೊರಡಿ!"

ಸಂಜೆ ತಂದೆ ಖುಷಿಯಿಂದ ಹೇಳಿದರು. ತಾರಿಖ್‌ನ ತಾಯಿ ಅಖ್ತರ್ ಬಾನು ಶುಕ್ರವಾರ ಸಂಬಂಧ ಕೇಳಲು ಬರುತ್ತಾರಂತೆ.

'ಓಹೋ, ಅದಕ್ಕೇ ಹೂಂ ಅಂದಿದ್ದು! ಇವನೂ ಬಾವನ ಹಾಗೇ...'

"ಬೇಡ ಅಬ್ಬಾ."

"ಬರೋರನ್ನ ಬೇಡ ಅನ್ನೋಕಾಗಲ್ಲ ಮಗಳೇ. ಬಂದು ಹೋಗ್ಲಿ. ನಿಂಗೆ ಇಷ್ಟ ಇಲ್ದಿದ್ರೆ ನಾನೇ ಹೇಳ್ತೀನಿ."

ಶುಕ್ರವಾರ ತಾಯಿ, ಮಗ ಇಬ್ಬರೂ ಬಂದರು. ಅರ್ಶಿಯಾ ಶರಬತ್ತು ಕೊಟ್ಟು ಗೋಡೆಗೆ ಒರಗಿ ನಿಂತಳು.

"ನನ್ನ ಮಗ ತುಂಬಾ ಸಾಧು. ಹುಡುಗಿ ಹಾಕಿದ ಗೆರೆ ದಾಟಲ್ಲ" ಎಂದರು ಅಖ್ತರ್ ಬಾನು.

ಅರ್ಶಿಯಾಗೆ ತಡೆಯಲಾಗಲಿಲ್ಲ.

"ಅಂಥ ಗಂಡ ನನಗೆ ಬೇಡ ಖಾಲಾ. ನಮ್ಮಕ್ಕನಿಗೂ ಹೂಂ ಅಂದೇ ಕರ್ಕೊಂಡು ಹೋದ್ರು. ಭಾನುವಾರ ಇವರೂ ಸುಳ್ಳೇ ಹೇಳಿದ್ರು!"

ತಾರಿಖ್ ಎದ್ದು ನಿಂತ. ತಾಯಿ ತೋಳು ಹಿಡಿದೆಳೆದರೂ ಕೂರಲಿಲ್ಲ. ಅವನ ಬಾಯಿಂದ ಬಂದದ್ದು ಅದೇ ಜಗಳದ ಕನ್ನಡ.

"ಹೌದು, ಸುಳ್ಳು. ಸಂಬಂಧ ಕೇಳೋ ಹುಡುಗಿ ಜೊತೆ ಜಗಳ ಆಡ್ಬೇಡ ಅಂತ ಅಮ್ಮಿ ಅಂದ್ರು. ನೀವು ಸಿಗದೇ ಹೋದ್ರೆ ಅಂತ ಹೆದರಿಬಿಟ್ಟೆ. ಈಗ್ಲೂ ಹೆದರಿಕೆ ಇದೆ... ಆದ್ರೆ ಪ್ರಾಣ ಹೋದ್ರೂ ಇಟ್ಟಿಗೆ ಗೇಮ್ ನಂಬರ್ ಒನ್ ಅಲ್ಲ! ಕಾಂಟ್ರಾನೇ!"

"ತೋಬಾ!" ಎಂದು ಅಖ್ತರ್ ಬಾನು ಹಣೆ ಚಚ್ಚಿಕೊಂಡರು.

ಅರ್ಶಿಯಾಳ ಕಣ್ಣು ತುಂಬಿತ್ತು.

"ಮದುವೆ ಆದ್ಮೇಲೂ ನಾನು ಅಂಗಡಿಗೆ ಬರ್ತೀನಿ ಅಂದ್ರೆ?"

ತಾರಿಖ್ ತಡವರಿಸಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಗುಬ್ಬಿಯಿಂದ ದಿನಾ ಓಡಾಟ ಕಷ್ಟ ಅನ್ಸುತ್ತೆ. ಅದನ್ನ ಹೇಳೇ ಹೇಳ್ತೀನಿ. ಆದ್ರೆ ಅಂಗಡಿ ನಿಮ್ದು. ಬಿಡಿ ಅನ್ನೋಕೆ ನಾನ್ಯಾರು?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಬ್ಬಾ... ನನಗೆ ಇವರೇ ಇಷ್ಟ."

ಮುಖ್ತಾರ್ ಅಹಮದ್ ಜೋರಾಗಿ ನಕ್ಕುಬಿಟ್ಟರು. ಅಖ್ತರ್ ಬಾನು ಏನೂ ಅರ್ಥವಾಗದೆ, ಆದರೂ ಸಂತೋಷದಿಂದ, ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರು.

ಹೊರಡುವಾಗ ಚಪ್ಪಲಿ ಮೆಟ್ಟುವ ನೆಪದಲ್ಲಿ ತಾರಿಖ್ ಬಾಗಿಲಲ್ಲೇ ಉಳಿದ.

"ಅರ್ಶಿಯಾ... ಒಂದೇ ಒಂದು ಮಾತಿಗೆ ಹೂಂ ಅನ್ಲಾ?"

"ಯಾವ ಮಾತಿಗೆ?"

"ನೀವಿನ್ನೂ ಕೇಳೇ ಇಲ್ಲ."

ಅವಳ ಕೆನ್ನೆ ಕೆಂಪಾಯಿತು. ದನಿ ತಗ್ಗಿಸಿ ಕೇಳಿದಳು.

"ನನ್ನ ಅಷ್ಟೊಂದು ಇಷ್ಟಪಡ್ತೀರಾ?"

"ಹೂಂ."

ಅವಳು ನಂಬಿದಳು.