ಐದೂಮುಕ್ಕಾಲಿನ ಊಟ

"ಎರಡೂ ಒತ್ತಿದ್ರ ಮುಂದ ಹೋಗಂಗಿಲ್ಲ ಅಪ್ಪಾ! ಯಾವುದರೇ ಒಂದಕ್ಕೇ ಒತ್ತಬೇಕಂತ," ಎನ್ನುತ್ತ ಪ್ರೀತಿ ಮೊಬೈಲನ್ನು ಅಪ್ಪನ ಮುಖದ ಮುಂದೆ ಹಿಡಿದಳು.

ಅಪ್ಪ ಅಂಬರಾಯ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಗಾಡಿಯ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಭಂಕೂರದ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಅವನಿಗೆ ಆ ವಾರ ಮಧ್ಯಾಹ್ನದ ಪಾಳಿ.

"ನನಗ ಟೈಮ್ ಆಗೇದ. ನೀನೇ ಓದಿ ಹೇಳು. ಇಂಗ್ಲಿಷ್ ಸಾಲಿಗೆ ಹೋಗಾಕಿ ನೀನೋ, ನಾನೋ?"

ಅದು ಹಡಗಿನ ಫಾರ್ಮ್. ಪ್ರೀತಿಯ ಕಾಕಾ ಉದಯಕುಮಾರ ದೊಡ್ಡದೊಂದು ಪ್ರವಾಸಿ ಹಡಗಿನ ಊಟದ ಹಾಲಿನಲ್ಲಿ ವೇಟರ್ ಆಗಿದ್ದ. ಅಲ್ಲಿ ದುಡಿಯುವವರ ಮನೆಯವರಿಗೆ ವರ್ಷಕ್ಕೊಮ್ಮೆ ಹಡಗು ಹತ್ತುವ ಅವಕಾಶ ಇತ್ತು. ದಸರಾ ರಜೆಯಲ್ಲಿ ಪ್ರೀತಿ, ಅಪ್ಪ, ಅವ್ವ, ಆಯಿ ನಾಲ್ವರೂ ವಾಡಿಯಲ್ಲಿ ರೈಲು ಹತ್ತಿ ಮುಂಬೈಗೆ ಹೋಗುವುದು, ಅಲ್ಲಿಂದ ಐದು ದಿನ ಸಮುದ್ರದ ಮೇಲೆ ಎಂದು ನಿಶ್ಚಯವಾಗಿತ್ತು. ಹೆಸರು, ವಯಸ್ಸು, ಫೋಟೋ ಎಲ್ಲವನ್ನೂ ತುಂಬಿ ಮುಗಿದಿತ್ತು. ಉಳಿದದ್ದು ಒಂದೇ ಪ್ರಶ್ನೆ. ಸಂಜೆಯ ಊಟ ಹೇಗೆ ಬೇಕು?

"ಮೊದಲನೇದು ಟ್ರೆಡಿಷನಲ್ ಡೈನಿಂಗ್. ಎರಡನೇದು ಫ್ಲೆಕ್ಸಿಬಲ್ ಡೈನಿಂಗ್," ಎಂದು ಪ್ರೀತಿ ಗಟ್ಟಿಯಾಗಿ ಓದಿದಳು.

"ಟ್ರೆಡಿಷನಲ್ ಅಂದ್ರ ಏನು?" ಒಳಗಿನಿಂದ ಅವ್ವ ಕೇಳಿದಳು.

"ಸಂಪ್ರದಾಯ. ಸಾಲ್ಯಾಗ ಟ್ರೆಡಿಷನಲ್ ಡೇ ಮಾಡಿದ್ರಲ್ಲ, ನನಗ ಇಳಕಲ್ ಸೀರಿ ಉಡಿಸಿದ್ದಿ ನೋಡು, ಅದು."

ಅಪ್ಪನಿಗೆ ನಗು ಬಂತು. "ಹಡಗಿನ್ಯಾಗ ಎಲ್ಲಾರಿಗೂ ಕೆಳಗ ಕೂಡಿಸಿ ಜ್ವಾಳದ ರೊಟ್ಟಿ, ಪುಂಡಿ ಪಲ್ಯಾ ಬಡಸ್ತಾರೇನು? ನಿಮ್ಮ ಕಾಕಾ ಹೇಳೇ ಇಲ್ಲ ನೋಡು!" ಗಾಡಿ ಚಾಲೂ ಮಾಡಿ, ಹೊರಡುವ ಮುಂಚೆ ತಿರುಗಿ ಹೇಳಿದ. "ಆಯಿಗೆ ಕೇಳಿ ಒತ್ತು. ಆಕಿ ಹೆಂಗಂತಾಳೋ ಹಂಗ."

ಆಯಿ ಎಂದರೆ ಅಪ್ಪನ ತಾಯಿ ಅಂಬುಬಾಯಿ. ಅವಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಾತೆಲ್ಲ ಅವಳ ಕಿವಿಗೂ ಬಿದ್ದಿತ್ತು.

"ಸಂಪ್ರದಾಯದ ಪಂಕ್ತಿ ಅಂತೇನು? ಹಂಗಿದ್ರ ನನಗ ಬ್ಯಾಡವ್ವ," ಎಂದಳು ಆಯಿ. "ನಿಮ್ಮ ಮುತ್ಯಾ ಹೋಗಿ ಇನ್ನಾ ವರ್ಸ ತುಂಬಿಲ್ಲ. ನಾ ಹೆಂಗ ಪಂಕ್ತಿಗೆ ಕುಂದ್ರಲಿ? ನಾ ಮಗನ ಮಾರಿ ನೋಡ್ಲಿಕ್ಕೆ ಹೊಂಟೀನಿ, ಉಣ್ಲಿಕ್ಕಲ್ಲ."

ಮುತ್ಯಾ, ಅಂದರೆ ಆಯಿಯ ಗಂಡ ಭಾಗಣ್ಣ, ಶಿವರಾತ್ರಿಗೆ ಮುಂಚೆ ತೀರಿಕೊಂಡಿದ್ದ. ಅಂದಿನಿಂದ ಆಯಿ ಯಾರ ಮನೆಯ ಪಂಕ್ತಿಗೂ ಹೋಗಿರಲಿಲ್ಲ. ಅಷ್ಟೇ ಆಗಿದ್ದರೆ ಯಾರಿಗೂ ಚಿಂತೆಯಿರಲಿಲ್ಲ. ಅವಳು ಮನೆಯಲ್ಲಿಯೂ ಸಂಜೆಯ ಊಟ ಬಿಟ್ಟುಬಿಟ್ಟಿದ್ದಳು.

ಕಾಗಿಣಾ ಹೊಳೆಗೆ ಸೇತುವೆ ಆಗುವ ಮೊದಲು ಮುತ್ಯಾ ಹರಿಗೋಲು ಹಾಕುತ್ತಿದ್ದ. ಆಚೆ ದಂಡೆಯ ಕೊನೆಯ ಮನುಷ್ಯನನ್ನು ಈಚೆಗೆ ತಂದು ಬಿಟ್ಟ ಮೇಲೆಯೇ ಅವನು ಮನೆಗೆ ಬರುವುದು. ಅಲ್ಲಿಯವರೆಗೆ ಆಯಿ ಕಾಯುವಳು. ಆಮೇಲೆ ಇಬ್ಬರೂ ಕೂಡಿ ಉಣ್ಣುವರು. ಸೇತುವೆ ಆದರೂ ಆ ರೂಢಿ ತಪ್ಪಿರಲಿಲ್ಲ. ಈಗ ಆಯಿ ದೇವರ ಮುಂದೆ ದೀಪ ಹಚ್ಚಿ, ಒಂದು ಗ್ಲಾಸು ನೀರು ಕುಡಿದು, "ಹಸಿವಿಲ್ಲ" ಎಂದು ಮಲಗಿಬಿಡುವಳು. ಅವ್ವ ಹೇಳಿ ನೋಡಿದಳು. ಅಪ್ಪ ಸಿಟ್ಟು ಮಾಡಿಯೂ ನೋಡಿದ. ಏಳು ತಿಂಗಳಲ್ಲಿ ಆಯಿಯ ಕುಬಸದ ತೋಳು ಸಡಿಲಾಗಿ ಜೋತುಬಿದ್ದಿತ್ತು.

ಪ್ರೀತಿ ಮತ್ತೆ ಮೊಬೈಲ್ ನೋಡಿದಳು. ಟ್ರೆಡಿಷನಲ್ ಎಂಬ ದೊಡ್ಡ ಅಕ್ಷರಗಳ ಕೆಳಗೆ ಸಣ್ಣ ಅಕ್ಷರಗಳಿದ್ದವು. ಬೆರಳಿನಿಂದ ಹಿಗ್ಗಿಸಿ ಓದಿದಳು. ದಿನಾಲೂ ಒಂದೇ ವೇಳೆ, ಒಂದೇ ಟೇಬಲ್, ಬಡಿಸುವವರೂ ಅವರೇ. ಅಷ್ಟೇ ಇತ್ತು. ಪಂಕ್ತಿಯ ಮಾತಿಲ್ಲ, ಶಾಸ್ತ್ರದ ಮಾತಿಲ್ಲ.

ಆಯಿಗೆ ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಎರಡನೆಯದರ ಕೆಳಗಿನ ಅಕ್ಷರಗಳು ಕಂಡವು. ಆರರಿಂದ ಹತ್ತರೊಳಗೆ ಯಾವಾಗ ಬೇಕಾದರೂ ಬನ್ನಿ, ಎಲ್ಲಿ ಬೇಕಾದರೂ ಕುಳಿತುಕೊಳ್ಳಿ.

ಹಡಗಿನ ವಿಡಿಯೋವನ್ನು ಪ್ರೀತಿ ಇಪ್ಪತ್ತು ಸಲವಾದರೂ ನೋಡಿದ್ದಳು. ಮೇಲಿನ ಮಹಡಿಯಲ್ಲಿ ನೀಲಿ ಬಣ್ಣದ ನೀರಿನ ಜಾರುಬಂಡಿ ಇತ್ತು. ಸಂಜೆ ಐದೂವರೆಯಿಂದ ಏಳರವರೆಗೆ ಅದು ಮಕ್ಕಳಿಗೆ ಮಾತ್ರ. ನಡುವೆ ಯಾರೋ ಬಂದು "ಊಟದ ಟೈಮ್ ಆಯ್ತು, ಏಳು" ಎಂದರೆ?

"ಹಂಗಾದ್ರ ಎರಡನೇದು ಒತ್ತಲೇನು ಆಯಿ?"

"ಒತ್ತವ್ವ."

ಪ್ರೀತಿ ಒತ್ತಿದಳು. ನಾನು ಸುಳ್ಳು ಹೇಳಲಿಲ್ಲ, ಬರೀ ಹೇಳಲಿಲ್ಲ ಅಷ್ಟೇ, ಎಂದುಕೊಂಡಳು. ಆದರೂ ಆಯಿಯ ಮುಖ ನೋಡದೆ ಒಳಗೆ ಹೋದಳು.

ಮರುದಿನ ಶನಿವಾರ. ಪ್ರೀತಿ ಶಾಲೆ ಮುಗಿಸಿ ಬಂದು ಬಹಳ ಹೊತ್ತಾಗಿತ್ತು. ಕಾಕಾನ ವಿಡಿಯೋ ಕಾಲ್ ಬಂತು. ಹಡಗು ಯಾವುದೋ ಬಂದರಿನಲ್ಲಿ ನಿಂತಾಗ ಮಾತ್ರ ಅವನಿಗೆ ಫೋನ್ ಸಿಗುವುದು. ಕಪ್ಪು ಗುಂಡಿಗಳ ಬಿಳಿ ಕೋಟು ಹಾಕಿಕೊಂಡಿದ್ದ.

"ಏನ್ ಮಾಡ್ಲಿಕತ್ತೀರಿ ಮೇಡಂ?"

"ಹೋಮ್‌ವರ್ಕ್ ರೀ ಸಾಹೇಬ್ರ," ಎಂದು ಪ್ರೀತಿ ನಕ್ಕಳು. "ಕಾಕಾ, ಫಾರ್ಮ್ ಪೂರಾ ತುಂಬೀನಿ! ಒಬ್ಬಾಕೇ ತುಂಬೀನಿ."

"ಶಾಣ್ಯಾಕಿ! ಊಟದ್ದೂ ತುಂಬಿದೇನು?"

"ಹ್ಞೂಂ. ಫ್ಲೆಕ್ಸಿಬಲ್!"

ಕಾಕಾನ ಮುಖ ತೆರೆಯ ಮೇಲೆ ನಿಂತುಹೋಯಿತು. ನೆಟ್‌ವರ್ಕ್ ನಿಂತಿತೇನೋ ಎಂದು ಪ್ರೀತಿ ಮೊಬೈಲನ್ನು ಅಲ್ಲಾಡಿಸಿದಳು. ನಿಂತಿರಲಿಲ್ಲ.

"ಛಲೋ ಆತು ಬಿಡು," ಎಂದ ಕಾಕಾ.

"ಮತ್ತ ಮಾರಿ ಯಾಕ ಸಣ್ಣ ಮಾಡ್ದಿ?"

"ಏನಿಲ್ಲ. ನಾ ಇರೋದು ಟ್ರೆಡಿಷನಲ್ ಹಾಲಿನ್ಯಾಗ. ಅಲ್ಲಿ ನಾಕು ಟೇಬಲ್ ನನ್ನವು. ಮನಿಯವರು ಬರ್ಲಿಕತ್ತಾರ, ನನ್ನ ಟೇಬಲಿಗೇ ಕೂಡಿಸ್ರಿ ಅಂತ ನಮ್ಮ ಮ್ಯಾನೇಜರಿಗೆ ಕೇಳಿಟ್ಟಿದ್ದೆ."

"ಅದ್ಕೇನಾತು? ಬ್ಯಾರೆ ಹೊತ್ತಿನ್ಯಾಗ ನಮ್ಮ ಖೋಲಿಗೆ ಬಾ."

"ಪ್ಯಾಸೆಂಜರ್ ಇರೋ ಕಡಿ ನಾವು ಸುಮ್ನ ಅಡ್ಡಾಡೋ ಹಂಗಿಲ್ಲ ಪ್ರೀತಿ. ಡ್ಯೂಟಿ ಇದ್ರ ಅಷ್ಟೇ. ಐದು ದಿನದಾಗ ಒಂದು ತಾಸು ಬಿಟ್ರ ಭಾಳ ಆತು."

"ಮೊದಲೇ ಹೇಳಬೇಕಿಲ್ಲ ಕಾಕಾ?"

ಕಾಕಾ ಎತ್ತಲೋ ನೋಡಿದ. "ಯಾವ ಮಾರಿ ಇಟ್ಕೊಂಡು ಹೇಳ್ಲಿ? ಅಪ್ಪನ ಬಾಯಾಗ ನೀರು ಬಿಡ್ಲಿಲ್ಲ. ಮಣ್ಣಿಗೂ ಬರ್ಲಿಲ್ಲ. ಅವ್ವಗರೇ ನಾಕು ದಿನ ನನ್ನ ಕೈಲೆ ಬಡಸಬೇಕು ಅಂತ ಮನಸಿನ್ಯಾಗ ಇತ್ತು. ಇರ್ಲಿ. ನೀ ಏನೂ ಹೇಳಬ್ಯಾಡ. ಆಕಿಗೆ ಹೆಂಗ ಬೇಕೋ ಹಂಗ ಉಣ್ಲಿ."

ಮುತ್ಯಾ ಹೋದ ದಿನ ಕಾಕಾನ ಹಡಗು ನಡುನೀರಿನಲ್ಲಿತ್ತು. ಅದು ದಂಡೆಗೆ ಬರುವಷ್ಟರಲ್ಲಿ ಮೂರನೇ ದಿನದ ಕಾರ್ಯವೂ ಮುಗಿದಿತ್ತು. "ಸಣ್ಣ ಮಗ ಮಣ್ಣಿಗೂ ಬರ್ಲಿಲ್ಲ ನೋಡ್ರಿ," ಎಂದು ಓಣಿಯವರು ಅಂದದ್ದನ್ನು ಅವಳೂ ಕೇಳಿದ್ದಳು. ಆಕಿಗೆ ಹೆಂಗ ಬೇಕೋ ಹಂಗ, ಎಂದಿದ್ದ ಕಾಕಾ. ಆದರೆ ಅದು ಆಯಿಗೆ ಬೇಕಾದದ್ದು ಆಗಿರಲಿಲ್ಲ. ಬೇಕಾದದ್ದು ಪ್ರೀತಿಗೆ.

"ಈಗ ಬದಲಿ ಮಾಡ್ಲಿಕ್ಕೆ ಬರ್ತದೇನು ಕಾಕಾ?" ಎಂದು ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ನಾಳಿ ಮಧ್ಯಾಹ್ನದ ತನಕ ಬರ್ತದ. ಆದ್ರ ಏಳೂವರಿ ಪಾಳಿದು ತುಂಬೇದ. ಐದೂಮುಕ್ಕಾಲಿಂದೇ ಉಳದದ. ಬ್ಯಾಡ ಬಿಡವ್ವ, ಅಷ್ಟು ಜಲ್ದಿ ಯಾರು ಉಣ್ತಾರ?" ಹಿಂದಿನಿಂದ ಯಾರೋ ಅವನನ್ನು ಕೂಗಿದರು. ಕಾಲ್ ಕಟ್ ಆಯಿತು.

ಒಳಗೆ ಆಯಿ ದೀಪ ಹಚ್ಚಿ, ಹೊಳೆಯ ದೇವಿ ಗಂಗವ್ವನ ಪಟದ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದಳು. ಪ್ರೀತಿ ಕಂಬ ಹಿಡಿದು ನಿಂತಳು. ಆಯಿಯ ಪ್ರಾರ್ಥನೆ ಎಂದೂ ಇಷ್ಟು ಉದ್ದ ಇರಲಿಲ್ಲ ಎನಿಸಿತು. ಆಯಿ ಕೈಮುಗಿದು ಏಳುವುದರೊಳಗೆ, ತಡೆಯಲಾರದೆ ಅಂದುಬಿಟ್ಟಳು.

"ಆಯಿ, ನಾ ಒಂದು ಮಾತು ಮುಚ್ಚಿಟ್ಟೀನಿ."

ಎಲ್ಲವನ್ನೂ ಹೇಳಿದಳು. ಸಣ್ಣ ಅಕ್ಷರಗಳನ್ನು ಓದಿದ್ದು, ಜಾರುಬಂಡಿಗಾಗಿ ಸುಮ್ಮನಾದದ್ದು, ಕಾಕಾನ ನಾಲ್ಕು ಟೇಬಲ್ಲು, ಅವನು ಹೇಳಬೇಡ ಎಂದದ್ದು.

ಆಯಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಪಟದ ಕಡೆಯಿಂದ ಇವಳತ್ತ ತಿರುಗಿ ಕೇಳಿದಳು.

"ಅವ ತಾನೇ ಬಡಸ್ತಾನೇನು?"

"ಹ್ಞೂಂ. ದಿನಾ ಅವನೇ."

"ನನ್ನ ಬಾಜೂಕ ಕುಂದ್ರಂತ ಹೇಳಿದ್ರ ಕುಂದ್ರತಾನೇನು?"

"ಇಲ್ಲ ಆಯಿ. ಅವ ನಿಂತೇ ಇರಬೇಕಂತ. ಅಲ್ಲಿ ರೂಲ್ಸ್ ಹಂಗ ಅದ."

"ನಾ ಸಂಜಿ ಉಣ್ಣಂಗಿಲ್ಲ ಅಂತ ಅವಗ ಯಾರರೇ ಹೇಳೀರೇನು?"

"ಇಲ್ಲ. ಅಪ್ಪ ಹೇಳಬ್ಯಾಡ ಅಂದಾನ."

ಆಯಿ ಪಟದ ಕಡೆ ತಿರುಗಿದಳು. ದೀಪದ ಬತ್ತಿಯನ್ನು ಬೆರಳಿನಿಂದ ಸ್ವಲ್ಪ ಮುಂದೆ ಸರಿಸಿದಳು. "ಕೂಸು ಬಡಸ್ಲಿಕ್ಕೆ ನಿಂತಿರ್ತದ," ಎಂದಳು, ಪ್ರೀತಿಗೋ ಗಂಗವ್ವನಿಗೋ ತಿಳಿಯದ ಹಾಗೆ. "ನಾ ಉಣ್ಣಲಾರದ ಎದ್ದು ಬಂದ್ರ ಅದು ಏನು ತಿಳ್ಕೋತದ? ಅವ್ವ ಇನ್ನಾ ಸಿಟ್ಟಿನ್ಯಾಗ ಅದಾಳಂತ ತಿಳ್ಕೋತದ."

ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು. "ಎಷ್ಟಕ್ಕಂದಿ?"

"ಐದೂಮುಕ್ಕಾಲಿಗೆ."

"ಅಯ್ಯ ಶಿವನೇ! ಆಗ ಇನ್ನಾ ದನಾನೂ ಮನಿಗೆ ಬಂದಿರಂಗಿಲ್ಲ. ಆತು, ಬದಲಿ ಮಾಡು."

ಪ್ರೀತಿ ಬದಲಿ ಮಾಡಿದಳು. ಹಸಿರು ಬಣ್ಣದ ಗುರುತು ಬಂತು. ಆಯಿ ಬಗ್ಗಿ ಅದನ್ನು ನೋಡಿದಳು.

"ಜಾರಬಂಡಿ ಸಲುವಾಗಿ ಆಯಿಗೆ ಟೋಪಿ ಹಾಕಿದೆಲ್ಲ, ಕಳ್ಳಿ. ಈಗ ಅದರದು ಹೆಂಗ?"

"ಐದೂವರಿಗೆ ಚಾಲೂ ಆಗ್ತದ," ಎಂದಳು ಪ್ರೀತಿ, ಕೆಳಗೆ ನೋಡುತ್ತ. "ಹತ್ತು ಮಿನಿಟ್ ಸಿಗ್ತದಲ್ಲ."

ಆಯಿ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದಳು. ಆ ಸಂಜೆಯೂ ನೀರು ಕುಡಿದೇ ಮಲಗಿದಳು.

ಭಾನುವಾರ ಸಂಜೆ ಓಣಿಯಲ್ಲಿ ಖೋಖೋ ಜೋರಾಗಿ ನಡೆದಿತ್ತು. ಪ್ರೀತಿ ಗೆಳತಿ ಪೂನಮ್‌ಳನ್ನು ಇನ್ನೇನು ಮುಟ್ಟಬೇಕು, ಕಟ್ಟೆಯ ಮೇಲಿಂದ ಆಯಿಯ ದನಿ ಬಂತು.

"ಪ್ರೀತೀ! ಎಷ್ಟಾತವ್ವ ಈಗ?"

ಪ್ರೀತಿ ಕಿಟಕಿಯಿಂದ ಒಳಗಿನ ಗಡಿಯಾರ ನೋಡಿದಳು. "ಐದೂನಲವತ್ತು!"

"ಕೈ ತೊಳಕೊಂಡು ಬಾ. ತಾಟು ಹಾಕು."

"ಔಟ್ ಆಗಾಕಿದ್ದೆ, ಉಳಕೊಂಡೆ!" ಎಂದು ಪೂನಮ್ ಕೂಗುತ್ತಿದ್ದಳು. ಪ್ರೀತಿ ಆಗಲೇ ಓಡಿದ್ದಳು.

ಅಡುಗೆಮನೆಯಿಂದ ಬಂದ ಅವ್ವ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. "ಈಗೇನ್ರಿ ಅತ್ತಿ? ಇನ್ನಾ ಹೊತ್ತು ಮುಣಗಿಲ್ಲ."

"ರೂಢಿ ಆಗಬೇಕಲ್ಲ," ಎಂದಳು ಆಯಿ, ದೊಡ್ಡದೊಂದು ಕಿರಿಕಿರಿ ಗಂಟುಬಿದ್ದವಳ ಹಾಗೆ. "ಒಮ್ಮಿಗೇ ಅಲ್ಲಿ ಹೋಗಿ ಉಣ್ಣಂದ್ರ ಹೆಂಗ ಉಣ್ಲಿ?"

ಅವ್ವ ಕೈ ತೊಳೆದು ಬಿಸಿ ಅನ್ನ, ಬೇಳೆ ತಂದಳು. "ನೀನೂ ಕುಂದ್ರು," ಎಂದು ಪ್ರೀತಿಗೆ ಹೇಳಿದಳು. ಪ್ರೀತಿ ತಲೆ ಅಲ್ಲಾಡಿಸಿ ಅವ್ವನ ಕೈಯಿಂದ ಅನ್ನದ ಬುಟ್ಟಿ ತೆಗೆದುಕೊಂಡಳು. ತಾನೇ ಬಡಿಸಿ, ಎದುರಿಗೆ ನಿಂತಳು.

ಆಯಿ ಗಂಗವ್ವನ ಹೆಸರಿನಲ್ಲಿ ಒಂದು ಅಗುಳು ತೆಗೆದಿಟ್ಟು ಕಣ್ಣು ಮುಚ್ಚಿದಳು. ಮೊದಲ ತುತ್ತು ಬಾಯಿಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಇಷ್ಟು ವರ್ಷ ಆಯಿಯ ಪಕ್ಕದಲ್ಲಿ ಕುಳಿತು ಉಂಡಿದ್ದರೂ ಅವಳು ಉಣ್ಣುವುದನ್ನು ಪ್ರೀತಿ ನೋಡಿರಲಿಲ್ಲ. ಪಕ್ಕದಲ್ಲಿ ಕುಳಿತರೆ ತನ್ನ ತಾಟೇ ಕಾಣುತ್ತದೆ. ಈಗ ನಿಂತಲ್ಲಿಂದ ಎಲ್ಲವೂ ಕಂಡಿತು. ಆಯಿ ಎಷ್ಟು ನಿಧಾನವಾಗಿ ಅಗಿಯುತ್ತಾಳೆ, ನುಂಗುವಾಗ ಹೇಗೆ ಕುತ್ತಿಗೆ ಚಾಚುತ್ತಾಳೆ, ತುತ್ತಿನ ನಡುವೆ ಮುತ್ಯಾ ಕೂಡುತ್ತಿದ್ದ ಬಲಗಡೆಯ ಖಾಲಿ ಜಾಗಕ್ಕೆ ಹೇಗೆ ಒಮ್ಮೆ ಕಣ್ಣು ಹಾಯಿಸುತ್ತಾಳೆ. ಎಲ್ಲೋ ದೂರದ ಹಡಗಿನಲ್ಲಿ ಈ ಹೊತ್ತಿಗೆ ಕಾಕಾನೂ ಯಾರದೋ ಅವ್ವ ಉಣ್ಣುವುದನ್ನು ನೋಡುತ್ತ ನಿಂತಿರಬಹುದು.

ತಾಟು ಖಾಲಿಯಾಗುತ್ತ ಬಂತು.

"ಇನ್ನೊಂದು ಜರಾ ಹಾಕ್ಲೇನು ಆಯಿ?"

ಆಯಿ ಬೇಡವೆಂದು ತಲೆ ಅಲ್ಲಾಡಿಸಿದಳು. ಆದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯಲಿಲ್ಲ.

ಪ್ರೀತಿ ಬಗ್ಗಿ, ಒಂದು ಚಮಚ ಅನ್ನ ಬಡಿಸಿದಳು.