ಕೈಗೆ ಸಿಗದ್ದನ್ನೂ ಸಿಕ್ಕಿತು ಅನ್ನುವವನು

"ಸಿಕ್ಕಿತಾ?" ಅಂತ ಕೇಳಿದೆ.

ಸಮತ್ ಕಣ್ಣು ಮುಚ್ಚಿ, ಕುಬಾತ್ ಬಾಯ್ಕೆಯ ಎಡ ಪಕ್ಕೆಲುಬಿನ ಕೆಳಗೆ ಬೆರಳೂರಿ ಗಂಭೀರವಾಗಿ ತಲೆಯಾಡಿಸಿದ. "ಸಿಕ್ಕಿತು. ಮೆತ್ತಗಿದೆ."

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

"ಸ್ಪ್ಲೀನ್ ಕಣೋ ಅದು. ಆರೋಗ್ಯವಾಗಿರೋರಲ್ಲಿ ಪಕ್ಕೆಲುಬಿನ ಒಳಗೇ ಅಡಗಿರುತ್ತೆ, ಕೈಗೆ ಸಿಗಲ್ಲ. ನಿನಗೇನು ಸಿಕ್ಕಿತು?"

"ಹಾಗಾದ್ರೆ ಸಿಗಲಿಲ್ಲ."

"ಬೆಳಿಗ್ಗೆ ತಿಂದ ಸಂಸಾ ಸಿಕ್ಕಿರ್ಬೇಕು ಬಿಡಮ್ಮ," ಅಂದರು ಕುಬಾತ್ ಬಾಯ್ಕೆ, ಅಂಗಿ ಎತ್ತಿಕೊಂಡು ಮಲಗಿದ್ದಲ್ಲಿಂದಲೇ. ನಮ್ಮ ಓಶ್ ಊರಿನ ಮೆಡಿಕಲ್ ಕಾಲೇಜಿಗೆ ಅವರು ಕಾವಲುಗಾರ; ಬಾಯ್ಕೆ ಅಂದರೆ ನಮ್ಮಲ್ಲಿ ಅಣ್ಣ. ರೋಗಿಯನ್ನು ಮುಟ್ಟಿ ನೋಡುವುದನ್ನು ಹುಡುಗರು ಕಲಿಯುವುದು ಅವರ ಹೊಟ್ಟೆಯ ಮೇಲೆಯೇ.

ಸಮತ್ ಮತ್ತು ನಾನು ಒಂದೇ ಬ್ಯಾಚು. ನಾನು ಪಾಸಾದೆ, ಈ ಕೋಣೆಯಲ್ಲಿ ಕಲಿಸುವ ಕೆಲಸ ಸಿಕ್ಕಿತು. ಅವನು ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಡುಮ್ಕಿ. ಅವನ ಕೈ ಕೆಟ್ಟದ್ದಲ್ಲ. ಬೆಚ್ಚಗಿನ, ಅವಸರವಿಲ್ಲದ ಕೈ. ಮುಟ್ಟಿದರೆ ಹೆದರಿದ ಮಗು ಕೂಡ ಅಳು ನಿಲ್ಲಿಸುತ್ತೆ. (ಅದನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ನೋಡುತ್ತೇನೆ ಅನ್ನುವುದು ಬೇರೆ ಮಾತು.) ಕೆಡಿಸೋದು ಬಾಯಿ. ಹಿರಿಯರು "ಸಿಕ್ಕಿತಾ?" ಅಂದರೆ ಸಾಕು, ಹೂಂ. ಸೋಮವಾರ ಕೊನೆಯ ಅವಕಾಶ.

"ಜಿಪರ್, ಇವತ್ತು ಬೇಗ ಬಿಡ್ತೀಯಾ?" ಅಂದ. "ಉಜ್ಗೆನ್‌ನಿಂದ ಸೋದರಮಾವ ಬರ್ತಿದ್ದಾರೆ. ಓಲೆ ತಗೋಬೇಕಂತೆ."

"ಯಾರಿಗೆ?"

ಅವನು ಹೊಟ್ಟೆಯನ್ನೇ ನೋಡುತ್ತಾ, "ಅವರ ಪಕ್ಕದ ಮನೆ ಹುಡುಗಿಗೆ," ಅಂದ.

ನಮ್ಮಲ್ಲಿ ಗಂಡಿನ ಕಡೆಯವರು ಹುಡುಗಿಯ ಕಿವಿಗೆ ಓಲೆ ಹಾಕಿದರೆ ಮುಗೀತು. ಆಮೇಲೆ ಬಿಚ್ಚಿದರೆ ಎರಡು ಮನೆಯವರೂ ತಲೆ ಎತ್ತುವ ಹಾಗಿಲ್ಲ.

"ನೀನು ಒಪ್ಕೊಂಡ್ಯಾ?"

"ಮಾವ ಕೇಳಿದ್ರು. ಹೂಂ ಅಂದೆ."

"ಹುಡುಗೀನ ನೋಡಿದ್ದೀಯಾ?"

"ಇಲ್ಲ."

"ಇದೂ ಸ್ಪ್ಲೀನೇ," ಅಂದರು ಕುಬಾತ್ ಬಾಯ್ಕೆ.

ನನ್ನ ಎದೆಯೊಳಗೆ ಏನೋ ಕುಸಿಯಿತು. ಕೋಪವೇ ಇರಬೇಕು ಅಂದುಕೊಂಡೆ. "ಹೋಗು. ಓಲೆ ತಗೋ. ಒಳ್ಳೇದಾಗ್ಲಿ."

"ಸರಿ," ಅಂದ ಪುಣ್ಯಾತ್ಮ.

ಸರಿಯಂತೆ! ಇಂಥವನಿಗಾಗಿ ಒಂದು ತಿಂಗಳಿಂದ ಮಧ್ಯಾಹ್ನದ ಊಟ ಬಿಟ್ಟು ಗಂಟಲು ಹರಿದುಕೊಂಡಿದ್ದೇನೆ.

"ನಿಂತ್ಕೋ. ಕೈ ಇಡು, ಬಲಗಡೆ. ಲಿವರ್ ಅಂಚು ನೋಡು. ಕೈ ಹೇಳಿದ್ದನ್ನ ಮಾತ್ರ ಹೇಳ್ಬೇಕು, ನನ್ನ ಮುಖ ಹೇಳಿದ್ದನ್ನಲ್ಲ."

ಕುಬಾತ್ ಬಾಯ್ಕೆ ಉಸಿರೆಳೆದರು. ನಾನು ಬೇಕೆಂದೇ ಪರೀಕ್ಷಕರ ದಪ್ಪ ದನಿ ತೆಗೆದೆ. "ಸಿಕ್ಕಿತಲ್ವಾ?"

ಅವನ ಹಣೆ ಬೆವರಿತು. "ಸಿಗಲಿಲ್ಲ."

"ಸಿಗ್ಬೇಕಲ್ಲ?"

"ಇಲ್ಲ. ಸಿಗಲಿಲ್ಲ."

ಅದೇ ನಿಜ, ಅವರ ಲಿವರ್ ಅಂಚೂ ಕೈಗೆ ಸಿಗುವಂಥದ್ದಲ್ಲ. ಬಿಟ್ಟರೆ ಮತ್ತೆ ಹೂಂ ಅಂದುಬಿಟ್ಟಾನು ಅಂತ ಅದೇ ದನಿಯಲ್ಲಿ ಮುಂದುವರಿಸಿದೆ. "ಈ ಮದುವೆ ಬೇಕು ತಾನೇ?"

"ಬೇಡ."

"ನಾನು ಪಾಠ ಹೇಳಿಕೊಡೋಳು, ಅಷ್ಟೇ ತಾನೇ?"

ದಪ್ಪ ದನಿ ಅರ್ಧಕ್ಕೇ ಒಡೆಯಿತು. ಅವನು ತಲೆ ಎತ್ತಿದ. ಇಷ್ಟು ದಿನ ಒಪ್ಪಿಗೆ ಹುಡುಕುತ್ತಿದ್ದ ಆ ಕಣ್ಣು ಈಗ ಏನನ್ನೂ ಹುಡುಕಲಿಲ್ಲ. ಸುಮ್ಮನೆ ನನ್ನನ್ನೇ ನೋಡಿತು.

"ಅಲ್ಲ," ಅಂದ.

"ಮೊದಲೇ ಹೇಳೋಕೆ ಏನು ರೋಗ ನಿನಗೆ?"

"ನೀನು ಕೇಳ್ಲೇ ಇಲ್ಲ."

"ನಾನಿಲ್ಲಿ ಇಲ್ಲ ಅಂದ್ಕೊಳ್ಳಿ," ಅಂದು ಕುಬಾತ್ ಬಾಯ್ಕೆ ಕಣ್ಣು ಮುಚ್ಚಿದರು.

ಸಮತ್ ಫೋನ್ ತೆಗೆದ. ಇನ್ನೊಂದು ಕೈ ಇನ್ನೂ ಅವರ ಹೊಟ್ಟೆಯ ಮೇಲೇ ಇತ್ತು, ಬಹುಶಃ ಆಸರೆಗೆ.

"ಮಾವ, ಓಲೆ ಬೇಡ." ಆ ಕಡೆಯ ಅಬ್ಬರ ನನಗೂ ಕೇಳಿಸಿತು. "ಇಲ್ಲ ಮಾವ... ಇಲ್ಲ... ಇಲ್ಲ, ಜ್ವರ ಏನೂ ಇಲ್ಲ. ನಾನೇ ಅವರ ಮನೆಗೆ ಬಂದು ಕ್ಷಮೆ ಕೇಳ್ತೀನಿ."

ಆಮೇಲೆ ಮಾವ ಏನೋ ಕೇಳಿದರು. ನಾನು ತಲೆಯಾಡಿಸುತ್ತೇನಾ ಅಂತ ಸಮತ್ ನನ್ನ ಕಡೆ ತಿರುಗಲಿಲ್ಲ.

"ಇದ್ದಾಳೆ. ಅವಳನ್ನ ಇನ್ನೂ ಕೇಳಿಲ್ಲ. ಈಗ ಕೇಳ್ತೀನಿ, ಇಡ್ಲಾ?"

ಫೋನ್ ಇಟ್ಟ. ಈಗ ನನ್ನ ಕಡೆ ತಿರುಗಿದ.

"ಬೇಗ ಕೇಳು ತಮ್ಮಾ, ಹೊಟ್ಟೆ ತಣ್ಣಗಾಗ್ತಿದೆ," ಅಂದರು, ಅಲ್ಲಿ ಇಲ್ಲದಿದ್ದ ಕುಬಾತ್ ಬಾಯ್ಕೆ.

"ಜಿಪರ್, ನೀನು..." ಅಂತ ಶುರುಮಾಡಿದ.

ವಿಚಾರ ಮಾಡದೆ ಹೂಂ ಅನ್ನಬೇಡ ಅಂತ ಒಂದು ತಿಂಗಳು ಬೈದವಳು ನಾನು. ಅವನ ಪ್ರಶ್ನೆ ಮುಗಿಯುವ ಮೊದಲೇ ಹೂಂ ಅಂದುಬಿಟ್ಟೆ.