ಎಲೆಯ ಮೇಲೊಂದು ಅಂಗೈ

"ಬ್ಯಾಡ ಕಣ್ರೀ... ನಿಜ್ವಾಗ್ಲೂ ಬ್ಯಾಡ!"

ಆತ ಎರಡೂ ಅಂಗೈ ಅಗಲಿಸಿ ಬಾಳೆಎಲೆಯನ್ನು ಮುಚ್ಚಿಕೊಂಡು ಕೂತಿದ್ದ. ಎದುರಿಗೆ ಒಬ್ಬಟ್ಟಿನ ತಟ್ಟೆ ಹಿಡಿದು ನಿಂತವಳು ಸರ್ವಮಂಗಳಾ. ಮನೆಯವರಿಗೆಲ್ಲ ಮಂಗಳಾ.

ಕಳಲೆಯ ಗಂಗಾಧರಸ್ವಾಮಿಯವರ ಮನೆಯಲ್ಲಿ ಅವತ್ತು ಬೀಗರ ಊಟ. ದೊಡ್ಡ ಮಗಳು ರಮ್ಯಳ ಮದುವೆ ಹಿಂದಿನ ದಿನವಷ್ಟೇ ಮುಗಿದಿತ್ತು. ಗಂಡಿನ ಕಡೆಯವರಿಗೆ ಬಡಿಸುವ ಜವಾಬ್ದಾರಿ ತಂಗಿಯದು. ಅಷ್ಟು ಹೊತ್ತಾದರೂ ಅವಳ ಒಬ್ಬಟ್ಟನ್ನು ಯಾರೂ ಬೇಡ ಎಂದಿರಲಿಲ್ಲ. ಈ ನೀಲಿ ಶರ್ಟಿನವನೊಬ್ಬನೇ!

'ಎಷ್ಟು ಜಂಬ ನೋಡು...'

"ಯಾಕ್ರೀ, ನಮ್ಮನೆ ಒಬ್ಬಟ್ಟು ಅಷ್ಟು ಕೆಟ್ಟದಾಗಿದೆಯಾ?"

"ಅಯ್ಯೋ ಅಂಗಲ್ಲ... ಜಾಸ್ತಿ ಉಂಡ್ರೆ ನಂಗೆ ಮೈ ಭಾರ ಆಯ್ತದೆ."

ಸಾಲಿಗೆ ಸಾಲೇ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಅವನ ಸೋದರಮಾವ ಮರಿಸ್ವಾಮಿ ಮೊಣಕೈಯಿಂದ ತಿವಿದರು. "ಲೇ ನಂಜೇಶ, ಬೀಗರ ಮನೆ ಹುಡ್ಗಿ ಕೈಯಾರೆ ಬಡುಸ್ತಾವ್ಳೆ. ತಕ್ಕೊಳ್ಳಲಾ!"

ನಂಜೇಶ್ ತಲೆಯೆತ್ತಿದ. ಅವಳ ಕಣ್ಣಲ್ಲಿ ಸಿಟ್ಟಿತ್ತು. ಸಿಟ್ಟಿನ ಹಿಂದೆ ಚೂರೇ ಚೂರು ನಗುವೂ ಇತ್ತು. ಅಷ್ಟು ಸಾಕಾಯಿತು ಪುಣ್ಯಾತ್ಮನಿಗೆ! ಎಲೆಯ ಮೇಲಿದ್ದ ಕೈಗಳು ತಾವಾಗಿಯೇ ಸರಿದವು. ಒಂದು ಒಬ್ಬಟ್ಟು, ಮತ್ತೊಂದು, ಮೇಲೆ ತುಪ್ಪ, ಆಮೇಲೆ ಪಾಯಸ... ಅವಳು ಬಡಿಸಿದ್ದನ್ನೆಲ್ಲ ಆತ ತಿಂದ.

ಕೈತೊಳೆಯುವಾಗ ಆತನೇ ಮಾತಾಡಿಸಿದ. "ನಿಮ್ ತೋಟದ ಮೋಟ್ರು ಸುಟ್ಟೋಗದಂತೆ? ಟಿ. ನರಸೀಪುರದಲ್ಲಿ ನಂದು ಮೋಟ್ರು ರಿಪೇರಿ ಅಂಗಡಿ. ನಾಳೆ ಬೆಳಿಗ್ಗೆ ಬತ್ತೀನಿ."

"ಬಂದೇ ಬರ್ತೀರಾ?"

"ಬಂದೇ ಬತ್ತೀನಿ."

ಬರಲಿಲ್ಲ.

ಬೆಳಿಗ್ಗೆಯೇ ಮಲ್ಲಿಗೆ ಮುಡಿದು ಬಾಗಿಲ ಕಡೆ ನೋಡಿ ನೋಡಿ ಸಾಕಾದ ಮಂಗಳಾ, ಸಂಜೆ ಹೂವನ್ನು ಕಿತ್ತು ದೇವರ ಗೂಡಿನಲ್ಲಿಟ್ಟಳು. ಅದಾಗಿ ಎರಡು ದಿನಕ್ಕೆ ಆತ ಸ್ಪಾನರ್ ಚೀಲ ಹೊತ್ತು ಬಂದಾಗ ಮುಖ ಬಾಡಿತ್ತು. "ಏನೋ ಕೆಲ್ಸ ಬಂತು..." ಎಂದನಷ್ಟೇ.

ಸಿಟ್ಟು ಮಾಡಿಕೊಳ್ಳಬೇಕೆಂದೇ ಅವಳು ತೋಟಕ್ಕೆ ಹೋದಳು. ಆದರೆ ಮಾತು ಬೇರೆ ಕಡೆಗೆ ಹೊರಳಿತು.

"ನೀವು ಕಾಲೇಜಲ್ಲಿ ಏನ್ ಪಾಠ ಮಾಡ್ತೀರಿ ಮೇಡಂ?"

"ಜೀವಶಾಸ್ತ್ರ. ನಂಜನಗೂಡಲ್ಲಿ, ಪಿಯುಸಿ ಹುಡುಗೀರಿಗೆ. ಈ ವಾರ ನರಕೋಶದ ಪಾಠ. ನಿಮ್ಮ ಕೆಲಸವೇ ಅನ್ನಿ! ಒಂದೊಂದು ನರಕೋಶದ ಪೊರೆಯಲ್ಲೂ ಸಣ್ಣ ಸಣ್ಣ ಪಂಪ್‌ಗಳಿರುತ್ತೆ."

ಸ್ಪಾನರ್ ಹಿಡಿದ ಕೈ ನಿಂತಿತು. "ಪಂಪಾ? ನೀರೆತ್ತಕ್ಕಾ?"

"ಉಪ್ಪೆತ್ತೋಕೆ. ಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಪೊಟ್ಯಾಸಿಯಂ ಹೊರಗೆ ಸೋರ್ತಾ ಇರುತ್ತೆ. ಅದರ ಜೊತೆ ಪ್ಲಸ್ ಚಾರ್ಜೂ ಹೊರಗೆ ಹೋಗೋದ್ರಿಂದ ಒಳಗೆ ಮೈನಸ್ ಉಳಿಯುತ್ತೆ. ಒಂದು ಪುಟಾಣಿ ಬ್ಯಾಟರಿ ಥರ. ಸೋಡಿಯಮ್ಮೂ ಸುಮ್ಮನಿರಲ್ಲ, ಒಳಗೆ ನುಸುಳುತ್ತೆ. ಹೀಗೇ ಬಿಟ್ರೆ ಬ್ಯಾಟರಿ ಡೌನ್! ಅದಕ್ಕೇ ಆ ಪಂಪು ಮೂರು ಸೋಡಿಯಂ ಹೊರಗೆ ತಳ್ಳಿ, ಎರಡು ಪೊಟ್ಯಾಸಿಯಂ ಒಳಗೆ ಎಳ್ಕೊಳ್ತಾನೇ ಇರುತ್ತೆ."

"ನರ ಕೆಲ್ಸ ಮಾಡುವಾಗ ಸರಿ. ಸುಮ್ನೆ ಕೂತಿದ್ದಾಗ್ಲೂ ಯಾಕೆ ಓಡ್ಬೇಕು?"

"ಸುಮ್ಮನಿರೋದಕ್ಕೇ! ಯಾವಾಗ ಕರೆ ಬಂದ್ರೂ ತಕ್ಷಣ ಓಗೊಡೋ ಹಾಗೆ ಸುಮ್ಮನಿರಬೇಕಲ್ಲ?"

ಆತ ಅವಳನ್ನೇ ನೋಡುತ್ತಾ ಕೇಳಿದ, "ಕರೆಂಟ್ ಓದ್ರೂ ನಿಲ್ಲಲ್ವಾ?"

"ಉಸಿರಿರೋವರೆಗೂ ನಿಲ್ಲಲ್ಲ."

ಆ ವರ್ಷ ಕಳಲೆಯ ಆ ಮೋಟಾರು ಕೆಟ್ಟಷ್ಟು ಸಲ ಯಾವ ಮೋಟಾರೂ ಕೆಟ್ಟಿರಲಿಕ್ಕಿಲ್ಲ. ಕೆಲವು ಸಲ ಮಂಗಳಾಳೇ ಫ್ಯೂಸ್ ಕಿತ್ತಿಟ್ಟಿದ್ದಳೆಂಬುದು ನಮ್ಮಲ್ಲೇ ಇರಲಿ!

ದೊಡ್ಡವರಿಗೇನು ಕಣ್ಣಿರಲಿಲ್ಲವೇ? ಮರಿಸ್ವಾಮಿ ಬಂದು ಮಾತಾಡಿದರು. ಗಂಗಾಧರಸ್ವಾಮಿ ಒಪ್ಪಿದರು. ತಾಂಬೂಲ ಬದಲಾಯಿಸಲು ಒಂದು ಸೋಮವಾರ ಗೊತ್ತಾಯಿತು.

ಆ ಸೋಮವಾರ ಕಳಲೆಯ ಮನೆಯಲ್ಲಿ ಜಮಖಾನ ಹಾಸಿ, ನೆಂಟರೆಲ್ಲ ಕೂತು, ಬಾಗಿಲಿಗೆ ತೋರಣ ಕಟ್ಟಿದ್ದೇ ಬಂತು. ಮಧ್ಯಾಹ್ನವಾದರೂ ನಂಜೇಶನ ಊರು ಸೋಸಲೆಯಿಂದ ಯಾರೂ ಬರಲಿಲ್ಲ. ಕೊನೆಗೆ ಬಂದದ್ದು ಮರಿಸ್ವಾಮಿ ಒಬ್ಬರೇ, ತಲೆ ತಗ್ಗಿಸಿಕೊಂಡು.

"ಹುಡ್ಗ ಬ್ಯಾಡ ಅಂತಾವ್ನೆ ಸ್ವಾಮಿ... ಕಾರಣ ಏಳ್ನಿಲ್ಲ."

ಗಂಗಾಧರಸ್ವಾಮಿ ಎದ್ದು ನಿಂತರು. "ಆ ಮನೆ ಹೆಸರು ಇನ್ನೊಂದ್ಸಲ ಇಲ್ಲಿ ಬರಬಾರದು!"

ಮಂಗಳಾ ಅಳಲಿಲ್ಲ. ಬಳೆ ತೆಗೆದಿಟ್ಟು, ಸೀರೆ ಮಡಿಚಿ, ಮಾರನೆಯ ದಿನ ಕಾಲೇಜಿಗೆ ಹೋದಳು. ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಸೀಮೆಸುಣ್ಣ ಕೈಯಲ್ಲೇ ಮುರಿಯಿತು. 'ನನ್ನ ಮುಖ ನೋಡಿ ಹೇಳಲಿ. ಆಮೇಲೆ ಮರೀತೀನಿ...'

ಶನಿವಾರ ಪಾಠ ಮುಗಿದದ್ದೇ ಟಿ. ನರಸೀಪುರದ ಬಸ್ ಹತ್ತಿದಳು.

ನಂಜೇಶ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡವನೇ ಎದ್ದ. ಆರೋಗ್ಯವಾಗಿ, ಗಟ್ಟಿಮುಟ್ಟಾಗಿ ನಿಂತಿದ್ದ.

"ಹುಷಾರಾಗೇ ಇದ್ದೀರಲ್ಲ... ಯಾಕೆ ಬರಲಿಲ್ಲ?"

"ನಂಗೆ ಇಷ್ಟ ಇಲ್ಲ ಕಣ್ರೀ."

"ನನ್ನ ಮುಖ ನೋಡಿ ಹೇಳಿ!"

ಆತ ತಂತಿಯನ್ನೇ ನೋಡುತ್ತಿದ್ದ. "ಇಷ್ಟ ಇಲ್ಲ. ನನ್ನ ಮರ್ತ್ಬುಡಿ."

ಅವಳು ತಿರುಗಿ ನಡೆದಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅಳು ಉಕ್ಕಿ ಬಂತು. ಜನ ನೋಡುತ್ತಿದ್ದರೂ ತಡೆಯಲಾಗಲಿಲ್ಲ.

"ಅವ ಸುಳ್ಳೇಳ್ದ ಕಣವ್ವ."

ಪಕ್ಕದಲ್ಲಿ ಊಟದ ಕ್ಯಾರಿಯರ್ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ನಿಂತಿದ್ದಳು. ನಂಜೇಶನ ತಾಯಿ ಪುಟ್ಟಮ್ಮಣ್ಣಿ. ಮಗನಿಗೆ ಊಟ ತಂದವಳು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡು ಹಿಂದೆಯೇ ಓಡಿ ಬಂದಿದ್ದಳು.

"ಶಾಸ್ತ್ರದ ದಿನ ಬೆಳಿಗ್ಗೆ ಎಬ್ಸಕ್ಕೆ ಓದೆ. ಕಣ್ಣು ಬುಟ್ಟವ್ನೆ, ಮಾತಾಡ್ತಾವ್ನೆ... ಕೈಕಾಲು ಮಾತ್ರ ಅಲ್ಲಾಡ್ನಿಲ್ಲ. ಯಾರ್ಗೂ ಏಳ್ಬ್ಯಾಡಿ ಅಂತ ನಮ್ ಕೈಲಿ ಆಣೆ ಹಾಕುಸ್ಕಂಡ. ಮಾರ್ನೇ ದಿನ ಸರಿಯಾದ. ಅದ್ನಾರು ವರ್ಸದವ್ನು ಆದಾಗಿಂದ ಇದೇ ಪಾಡು. ಈ ಹೆಣದ ಜೊತೆ ಯಾವ ಹೆಣ್ಣೂ ಬಾಳ್ಬಾರ್ದು ಅಂತಾನೆ ಕಣವ್ವ!"

ಮಂಗಳಾಳ ಅಳು ಅಲ್ಲೇ ನಿಂತಿತು. "ಡಾಕ್ಟರಿಗೆ ತೋರಿಸಲಿಲ್ವಾ ಅಮ್ಮ?"

"ತೋರ್ಸೋ ಒತ್ಗೆ ಎದ್ದು ಓಡಾಡ್ತಿರ್ತಾನೆ. ರಕ್ತ ನೋಡಿ ಏನೂ ಇಲ್ಲ ಅಂದ್ರು. ಇದು ದೃಷ್ಟಿ ಕಣವ್ವ. ಮದ್ವೆಗೋ ಹಬ್ಬಕ್ಕೋ ಓಗಿ ಬಂದ ಮಾರ್ನೇ ದಿನಾನೇ ಇಂಗಾಗದು. ಅಷ್ಟು ಜನ್ರ ಕಣ್ಣು ಬಿದ್ರೆ ಇನ್ನೇನಾದದು? ನೀವಾಳ್ಸಿ, ಸುಸ್ತಿಗೆ ಬೆಲ್ಲದ ಪಾನಕ ಕುಡುಸ್ತೀವಿ. ಪಾನಕ ಕುಡ್ದಷ್ಟೂ ಇನ್ನೂ ಸುಸ್ತು..."

"ಶಾಸ್ತ್ರದ ಹಿಂದಿನ ದಿನ ಏನಡುಗೆ ಮಾಡಿದ್ರಿ?"

"ಒಬ್ಬಟ್ಟು. ಬ್ಯಾಡವ್ವಾ ಅಂದ. ಒಳ್ಳೆ ದಿನ ಸೀ ಬ್ಯಾಡ ಅಂತಾರಾ ಅಂತ ನಾನೇ ಬಲವಂತ ಮಾಡಿ..."

ಮಂಗಳಾ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎರಡೂ ಅಂಗೈ ಅಗಲಿಸಿ ಎಲೆ ಮುಚ್ಚಿ ಕೂತವನು ಕಣ್ಣಿಗೆ ಕಟ್ಟಿದ. ಆಮೇಲೆ ಬಾರದೆ ಹೋದ ಆ ಮೊದಲ ಬೆಳಗು... ಅಯ್ಯೋ! ಆ ದಿನ ಅವನನ್ನು ಮಲಗಿಸಿದ್ದು ತಾನೇ. ತನ್ನ ಕೈಯಾರೆ, ತುಪ್ಪ ಹಾಕಿ!

ಮುಂದಿನ ಸೋಮವಾರ ಅವಳು ಟಿ. ನರಸೀಪುರದ ಆಸ್ಪತ್ರೆಯ ಡಾಕ್ಟರ್ ಸಿಂಧು ಅವರ ಎದುರು ಕೂತಿದ್ದಳು. ಡಾಕ್ಟರ್ ಎಲ್ಲ ಕೇಳಿ ಹೇಳಿದರು, "ಸಿಹಿ ಊಟದಿಂದಲೇ ಹೀಗಾಗ್ತಿದೆ ಅನ್ನೋ ನಿಮ್ಮ ಅನುಮಾನ ಸರಿ ಇರಬಹುದು. ಆದ್ರೆ ಎದ್ದು ಓಡಾಡುವಾಗ ರಕ್ತದಲ್ಲಿ ಏನೂ ಸಿಗಲ್ಲ. ಮಲಗಿರುವಾಗಲೇ ಕರ್ಕೊಂಡು ಬನ್ನಿ. ಅಲ್ಲೀತನಕ ಹೊಟ್ಟೆ ಬಿರಿಯೋ ಊಟ, ಸಿಹಿ ಬೇಡ."

ಜೊತೆಗೆ ಬಂದಿದ್ದ ಪುಟ್ಟಮ್ಮಣ್ಣಿ ಹೂಂ ಎಂದಳು. ಮಂಗಳಾಳ ಕಾಲೇಜಿನ ಫೋನ್ ನಂಬರನ್ನು ಎಸ್‌ಟಿಡಿ ಬೂತಿನವನ ಗೋಡೆಯ ಮೇಲೆ ಬರೆಸಿಟ್ಟಳು. ಮಂಗಳಾಳ ಹೆಸರೆತ್ತಿದರೆ ಒಪ್ಪುವುದಿಲ್ಲವೆಂದು ಮಗನಿಗೆ ಮಾತ್ರ ಏನೂ ಹೇಳಲಿಲ್ಲ.

ಕಾರ್ತಿಕದಲ್ಲಿ ಫೋನ್ ಬಂತು. ಇಡೀ ದಿನ ಬಾವಿಯಿಂದ ಮೋಟಾರು ಎತ್ತಿ, ತೋಟದವರು ಬಡಿಸಿದ್ದನ್ನೆಲ್ಲ ಹಸಿವಿಗೆ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಮಂಗಳಾ ಸೋಸಲೆಯ ಆ ಮನೆಗೆ ಓಡಿ ಬಂದಾಗ ಮರಿಸ್ವಾಮಿ ಅಳಿಯನ ತಲೆಯನ್ನೆತ್ತಿ ಚೊಂಬನ್ನು ಬಾಯಿಗೆ ಹಿಡಿಯುತ್ತಿದ್ದರು. ಪುಟ್ಟಮ್ಮಣ್ಣಿ ಕಾರು ಹುಡುಕಿಕೊಂಡು ಬೀದಿಗೆ ಹೋಗಿದ್ದಳು.

"ಪಾನಕ ಬೇಡ!"

ಬಾಗಿಲಿನಿಂದಲೇ ಅವಳು ಕೂಗಿದ ಕೂಗಿಗೆ ಚೊಂಬು ಮರಿಸ್ವಾಮಿಯ ಕೈಜಾರಿ ಉರುಳಿತು.

ಚಾಪೆಯ ಮೇಲೆ ನಂಜೇಶ್. ಕಣ್ಣು ಅವಳನ್ನು ನೋಡಿತು. ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ಏಳಲಿಲ್ಲ. ಕಣ್ಣಂಚಿನಿಂದ ನೀರಿಳಿದು ಕಿವಿಯ ಕಡೆಗೆ ಹರಿಯಿತು. ಒರೆಸಿಕೊಳ್ಳಲೂ ಆಗಲಿಲ್ಲ.

"ಈ ಗತೀಲಿ ನನ್ನ ನೋಡ್ಬ್ಯಾಡಿ... ದಮ್ಮಯ್ಯ, ಓಗಿ..."

ಅವಳು ಸೆರಗಿನಿಂದ ಅವನ ಕೆನ್ನೆ ಒರೆಸಿದಳು. "ಹೋಗೋಣ. ಇಬ್ಬರೂ ಹೋಗೋಣ. ಆಸ್ಪತ್ರೆಗೆ."

ಡಾಕ್ಟರ್ ಸಿಂಧು ರಕ್ತ ತೆಗೆದು ಮೈಸೂರಿನ ಲ್ಯಾಬಿಗೆ ಕಳಿಸಿದರು. ಎದೆಗೆ ವೈರು ಹಚ್ಚಿ ಇಸಿಜಿ ತೆಗೆದವರೇ ತಲೆಯಾಡಿಸಿದರು. "ಪೊಟ್ಯಾಸಿಯಂ ಬಹಳ ಇಳಿದಿರೋ ಗುರುತು ಇಲ್ಲೇ ಕಾಣ್ತಿದೆ." ಒಂದು ಸಿರಪ್ ಬಂತು. ಹೊತ್ತುಹೊತ್ತಿಗೆ ಅದನ್ನು ಕುಡಿಸುವ ಕೆಲಸ ಮಂಗಳಾಳದು.

"ಥೂ... ಏನ್ರೀ ಇದು, ಇಷ್ಟು ಕೆಟ್ಟದಾಗದೆ!"

"ಒಬ್ಬಟ್ಟಿಗಿಂತ ಒಳ್ಳೇದು. ಕುಡೀರಿ."

ಆತ ಕುಡಿದ. ಆಮೇಲೆ ಮೆಲ್ಲಗೆ ಕೇಳಿದ, "ನಂಗೆ ಏನಾಗದೆ ಮಂಗಳಾ?"

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಲೋಟ ಕೆಳಗಿಟ್ಟಳು.

"ಆವತ್ತು ತೋಟದಲ್ಲಿ ಹೇಳಿದ್ನಲ್ಲ, ನರಕ್ಕೆ ಚಾರ್ಜ್ ಇರುತ್ತೆ ಅಂತ... ಸ್ನಾಯುಗೂ ಹಾಗೇ ಇರುತ್ತೆ. ಸಿಹಿ, ಅನ್ನ ಜಾಸ್ತಿ ತಿಂದಾಗ ರಕ್ತದ ಪೊಟ್ಯಾಸಿಯಂ ಕೋಶಗಳೊಳಕ್ಕೆ ಹೋಗುತ್ತೆ. ನಮಗೆಲ್ಲ ಅದರಿಂದ ಏನೂ ಆಗಲ್ಲ. ನಿಮ್ಮ ಸ್ನಾಯುಕೋಶದ ಪೊರೆಯಲ್ಲಿ ಹುಟ್ಟಿನಿಂದಲೇ ಏನೋ ಸಣ್ಣ ದೋಷ ಇದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದ ಕೂಡಲೇ ಅದರ ಚಾರ್ಜ್ ಕೆಡುತ್ತೆ. ಆಗ ನರ ಏಳು ಅಂತ ಕೂಗಿದ್ರೂ ಸ್ನಾಯು ಏಳಲ್ಲ."

ಆತ ಛಾವಣಿ ನೋಡುತ್ತಾ ಎಂದ, "ಮೋಟ್ರು ಸರಿಯಾಗದೆ, ವೈರೂ ಸರಿಯಾಗದೆ... ಲೋ ವೋಲ್ಟೇಜು."

"ಹೂಂ! ಅಷ್ಟೇ! ದೃಷ್ಟಿಯೂ ಅಲ್ಲ, ಶಾಪವೂ ಅಲ್ಲ."

"ವಾಸಿ ಆಯ್ತದಾ?"

ಅವಳು ಸುಳ್ಳು ಹೇಳಲಿಲ್ಲ. "ಪೂರ್ತಿ ಹೋಗಲ್ಲ ಅಂತಾರೆ ಡಾಕ್ಟರ್. ಆದ್ರೆ ಊಟದಲ್ಲಿ ಎಚ್ಚರ ಇದ್ದು, ಹೇಳಿದ ಔಷಧಿ ತಗೊಂಡ್ರೆ ಇದು ಬರೋದೇ ಅಪರೂಪ ಆಗಬಹುದು."

"ಪೂರ್ತಿ ಓಗಲ್ಲ ಅಂದ್ರೆ... ನೀವ್ಯಾಕೆ ನನ್ನ ಜೊತೆ..."

"ನಿಮಗೆ ನಾನು ಇಷ್ಟ ಇಲ್ವಲ್ಲ! ಅಂಗಡೀಲಿ ಹೇಳಿದ್ರಿ."

ಹಾಸಿಗೆಯ ಅಂಚಿನಲ್ಲಿದ್ದ ಅವಳ ಕೈಗೆ ಏನೋ ತಾಗಿತು. ಬಗ್ಗಿ ನೋಡಿದಳು. ಬೆಳಗಿನಿಂದ ಅಲ್ಲಾಡದೆ ಬಿದ್ದಿದ್ದ ಅವನ ಕಿರುಬೆರಳು ಅವಳ ಬೆರಳನ್ನು ಸುತ್ತಲು ಹೆಣಗುತ್ತಿತ್ತು. ಜಾರುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಅವಳು ಉಸಿರು ಬಿಗಿ ಹಿಡಿದು ಕಾದಳು. ಸಹಾಯ ಮಾಡಲಿಲ್ಲ. ಕೊನೆಗೆ ಅದು ಹಿಡಿದುಕೊಂಡಿತು.

"ಸುಮ್ನೆ ಇದ್ದೆ ಕಣ್ರೀ," ಎಂದ ನಂಜೇಶ್. "ಬ್ಯಾಡ ಅಂದ್ಬುಟ್ಟು ಸುಮ್ನೆ ಇದ್ದೆ. ಒಳಗಡೆ ಪಂಪು ಒಂದಿನಾನೂ ನಿಂತಿರ್ನಿಲ್ಲ."

ಮಂಗಳಾ ಹಾಸಿಗೆಯ ಅಂಚಿಗೆ ಹಣೆಯಿಟ್ಟು ಜೋರಾಗಿ ಅತ್ತಳು. ಬಾಗಿಲ ಆಚೆ ನಿಂತಿದ್ದ ಪುಟ್ಟಮ್ಮಣ್ಣಿಯೂ ಅತ್ತಳು.

ಮೈಸೂರಿನಿಂದ ಬಂದ ವರದಿ ಡಾಕ್ಟರ್ ಮಾತನ್ನೇ ಹೇಳಿತು. ಅದನ್ನು ತಂದೆಯ ಮುಂದಿಟ್ಟಾಗ ಗಂಗಾಧರಸ್ವಾಮಿ ಓದಲೂ ಇಲ್ಲ. "ಕಾಯಿಲೆ ಇರೋನು ಕಣಮ್ಮ ಅವನು..."

"ಇವತ್ತಿನವರೆಗೂ ಹೆಸರಿಲ್ಲದ ಕಾಯಿಲೆ ಆಗಿತ್ತಪ್ಪ. ಈಗ ಹೆಸರಿದೆ, ಔಷಧಿ ಇದೆ. ನನಗೆ ಭಯ ಇಲ್ಲ."

"ಅವತ್ತು ಅಷ್ಟು ಜನದ ಮುಂದೆ ಅವಮಾನ ಮಾಡಿದ್ನಲ್ಲ?"

"ಎದ್ದು ಬರೋಕೆ ಆಗದೆ ಮಲಗಿದ್ದವನು ನನಗೆ ಕಷ್ಟ ಬೇಡ ಅಂತ ಬಿಟ್ಟುಕೊಟ್ಟ. ಅದು ಅವಮಾನವಾ ಅಪ್ಪ?"

ಗಂಗಾಧರಸ್ವಾಮಿ ಆ ವಾರವೆಲ್ಲ ಮಗಳೊಂದಿಗೆ ಮಾತಾಡಲಿಲ್ಲ. ಆಮೇಲೊಂದು ದಿನ ತೋಟದಿಂದ ಬಂದವರು ಶಲ್ಯ ಕೊಡವುತ್ತಾ ಹೇಳಿದರು, "ಮೋಟ್ರು ಕೆಟ್ಟಿದೆ. ಅವನಿಗೆ ಹೇಳಿಕಳಿಸು."

ಮಾಘದಲ್ಲಿ ತಾಂಬೂಲ ಬದಲಾಯಿತು. ಊಟಕ್ಕೆ ಎಲೆ ಹಾಸಿದರು. ಹಿಂದಿನ ಸಲದಂತೆಯೇ ಸಾಲು, ಅದೇ ನೀಲಿ ಶರ್ಟು. ಈ ಸಲ ತಟ್ಟೆ ಹಿಡಿದು ಬಂದವಳು ಮಂಗಳಾಳ ತಾಯಿ.

"ಅಳಿಯಂದ್ರೆ, ಒಳ್ಳೆ ದಿನ... ಒಂದೇ ಒಂದು ಒಬ್ಬಟ್ಟು!"

ನಂಜೇಶ್ ಸಂಕೋಚದಿಂದ ಕೈ ಎತ್ತುವಷ್ಟರಲ್ಲಿ, ಬಳೆ ತೊಟ್ಟ ಇನ್ನೊಂದು ಕೈ ಅವನ ಎಲೆಯನ್ನು ಮುಚ್ಚಿತು.

ಸಾಲಿನವರೆಲ್ಲ ತಲೆಯೆತ್ತಿ ನೋಡಿದರು. ಮದುವೆಯಾಗದ ಹುಡುಗಿ, ಅಷ್ಟು ಜನ ಹಿರಿಯರ ಎದುರು, ಗಂಡಿನ ಎಲೆಯ ಮೇಲೆ ಅಂಗೈ ಇಟ್ಟಿದ್ದಳು! ಮಂಗಳಾಳ ಮುಖ ಕೆಂಪಾಯಿತು. ಕೈ ಮಾತ್ರ ಸರಿಯಲಿಲ್ಲ.

"ಬೇಡ ಅಮ್ಮ. ಅವರಿಗೆ ಆಗಲ್ಲ."

ಮೊದಲು ನಕ್ಕವರು ಗಂಗಾಧರಸ್ವಾಮಿ. ಆಮೇಲೆ ಎಲ್ಲರೂ ನಕ್ಕರು.

ನಂಜೇಶ್ ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟಿದ, "ಎಷ್ಟು ದಿನ ಇಂಗೆ ಕೈ ಅಡ್ಡ ಇಡ್ತೀರಿ?"

"ಉಸಿರಿರೋವರೆಗೂ."

"ಕರೆಂಟ್ ಓದ್ರೂ?"

"ಸುಮ್ಮನೆ ಊಟ ಮಾಡ್ರೀ!" ಎಂದಳು ಮಂಗಳಾ, ನಗು ತಡೆಯಲಾಗದೆ.